ಒಂದು ಕೆಂಪು ದೀಪ ಕೋರಿ ಒಂಟಿ ಸಲಗಕ್ಕೆ ಬಹಿರಂಗ ಮನವಿ

ಬಾಳೂರು ಸುತ್ತಲಿನ ಕಾಫಿ ತೋಟಗಳನ್ನು ಬೇಲಿ, ಗಡಿ, ಸರ್ವೆ ನಂಬರುಗಳ ಭೇದವೆಣಿಸದೆ ಸಂದರ್ಶಿಸುತ್ತಿರುವ ಒಂಟಿ ಸಲಗದವರ ಸನ್ನಿಧಿಗೆ, ಇದೇ ಊರಿನ ದಿನಸಿ ಅಂಗಡಿಯ ಚನ್ನಬಸವ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೊದಲು ಕೃತಜ್ಞತೆ. ಕಳೆದ ಮಂಗಳವಾರ ಬೆಳಿಗ್ಗೆ ನನ್ನ ಹೆಂಡತಿ ಸುಪ್ರಿಯಾ ನಮ್ಮ ಎರಡೆಕರೆ ತೋಟದಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದಾಗ, ತಾವು ಅವಳ ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಿರಿ. ತಮ್ಮ ಆಗಮನವನ್ನು ಅರಣ್ಯ ಇಲಾಖೆಯ ಜೀಪು ಮೈಕಿನಲ್ಲಿ ಮೂರು ಸಲ ಸಾರಿಕೊಂಡು ಹೋಗಿತ್ತು. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಬುಟ್ಟಿ ಇಳಿಸಲು ತಿರುಗಿದಾಗ ತಮ್ಮನ್ನು ಕಂಡಳು. ತಾವು ಒಂದು ಕ್ಷಣ ನೋಡಿ, ದಾರಿ ಬದಲಿಸಿ ಹೊರಟುಹೋದಿರಿ. ಅಂಗವೈಕಲ್ಯದ ಕಾರ್ಡನ್ನಾಗಲಿ ಅದರ ಜೆರಾಕ್ಸ್ ಪ್ರತಿಯನ್ನಾಗಲಿ ಕೇಳದೆ ಅವಳನ್ನು ಅರ್ಥ ಮಾಡಿಕೊಂಡವರು ಇಷ್ಟು ವರ್ಷಗಳಲ್ಲಿ ತಾವೊಬ್ಬರೇ. ಸಂಜೆ ಅವಳು ಕೈಸನ್ನೆಯಲ್ಲಿ ಇದನ್ನೆಲ್ಲ ಹೇಳುವಾಗ ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಎರಡು ವರ್ಷದಿಂದ ನಾವು ಕೇಳುತ್ತಿರುವುದು ಇಷ್ಟೇ: ತಾವು ಬಂದಾಗ ಮೈಕಿನ ಜೊತೆಗೆ ತೋಟದ ಅಂಚಿನ ಕಂಬದಲ್ಲೊಂದು ಕೆಂಪು ದೀಪ ಹೊತ್ತಿಕೊಳ್ಳಲಿ. ಅರಣ್ಯ ಇಲಾಖೆಯವರು ದೀಪವೆಂದರೆ ಕರೆಂಟಿನವರ ಕೆಲಸವೆಂದರು. ಕರೆಂಟಿನವರು ಪಂಚಾಯಿತಿಯತ್ತ ಕೈ ತೋರಿಸಿದರು. ಪಂಚಾಯಿತಿಯವರು, ಕಿವಿಯ ವಿಷಯವಾದ್ದರಿಂದ ಅಂಗವಿಕಲರ ಕಚೇರಿಯ ಪತ್ರ ಬೇಕೆಂದರು. ಅಲ್ಲಿನ ಗುಮಾಸ್ತ ಗುರುವಯ್ಯನವರು ಬಹಳ ಸಜ್ಜನರು, ನನಗೆ ಕುರ್ಚಿ ಕೊಟ್ಟು, ಕಡತವನ್ನೆಲ್ಲ ತಿರುವಿಹಾಕಿ, "ನಮ್ಮಲ್ಲಿ ಗಾಲಿಕುರ್ಚಿ ಇದೆ, ಹೊಲಿಗೆ ಮಿಷಿನ್ನಿದೆ. ಆನೆ ನಮ್ಮ ಇಲಾಖೆಗೆ ಬರೋದಿಲ್ಲ ಮಾರಾಯ್ರೇ" ಎಂದರು. ಇವರ ನಡುವೆ ಹೊಂದಾಣಿಕೆ ತರಲೆಂದೇ ಮೂಡಿಗೆರೆಯಲ್ಲಿ ಒಂದು ಸಮನ್ವಯ ಸಮಿತಿಯಿದೆ. ಅದರ ಸಭೆಯಲ್ಲಿ ನಾಲ್ಕೂ ಕಡೆಯವರು "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಒಂದಕ್ಷರವೂ ವ್ಯತ್ಯಾಸವಾಗದಂತೆ ಬರೆದುಕೊಟ್ಟರು. ಇದಕ್ಕಿಂತ ಹೆಚ್ಚಿನ ಸಮನ್ವಯವನ್ನು ಬಯಸುವುದು ದುರಾಸೆಯಾದೀತು.

ಆದರೆ ತಾವು ಹೋದ ತಿಂಗಳು ನಮ್ಮ ಬಸ್ ನಿಲ್ದಾಣದೆದುರು ಹತ್ತು ನಿಮಿಷ ನಿಂತದ್ದೇ ತಡ, ಎಲ್ಲ ಇಲಾಖೆಗಳ ಜೀಪುಗಳೂ ಒಂದೇ ಸಾಲಿನಲ್ಲಿ ಬಂದು ನಿಂತವು. ಕರೆಂಟಿನವರು ಲೈನು ಆಫ್ ಮಾಡಿದರು, ಪಂಚಾಯಿತಿಯವರು ರಸ್ತೆಗೆ ಹಗ್ಗ ಕಟ್ಟಿದರು, ಗುರುವಯ್ಯನವರು ಅರ್ಧ ದಿನ ರಜೆ ಹಾಕಿ ನೋಡಲು ಬಂದರು. ವ್ಯಾಪ್ತಿಯ ಮಾತನ್ನು ಯಾರೂ ಎತ್ತಲಿಲ್ಲ.

ಆದ್ದರಿಂದ ಮುಂದಿನ ಸಮಿತಿ ಸಭೆಯ ದಿನ ತಾವು ಮೂಡಿಗೆರೆಗೆ ದಯಮಾಡಿಸಿ, ನಮ್ಮ ಅರ್ಜಿಯನ್ನು ಸೊಂಡಿಲಿನಲ್ಲಿ ಹಿಡಿದು ಕಚೇರಿಯ ಬಾಗಿಲಲ್ಲಿ ಕಾಲು ಗಂಟೆ ನಿಲ್ಲಬೇಕಾಗಿ ವಿನಂತಿ. ಘೀಳಿಡುವ ಅಗತ್ಯವಿಲ್ಲ. ಅದಕ್ಕೆ ಬಿಡುವಾಗದಿದ್ದರೆ, ತೋಟಕ್ಕೆ ಬರುವಾಗ ದಯವಿಟ್ಟು ಅವಳ ಎದುರಿನಿಂದಲೇ ಬನ್ನಿ. ಅವಳ ಕಣ್ಣು ಬಹಳ ಚುರುಕು. ಕುಯಿಲು ಮುಗಿಯುವವರೆಗೆ ಅವಳು ತೋಟಕ್ಕೆ ಹೋಗಲೇಬೇಕು. ತಾವು ಪ್ರತಿ ಸಲವೂ ಅಷ್ಟೇ ತಾಳ್ಮೆಯಿಂದಿರುತ್ತೀರೆಂದು ನಂಬಿ ಕೂರುವ ಧೈರ್ಯ ನನಗಿಲ್ಲ, ಕ್ಷಮಿಸಬೇಕು.

ಸದ್ಯಕ್ಕೆ ಬೇರೆ ಯಾರ ಮೇಲೂ ವಿಶ್ವಾಸ ಉಳಿಯದ,
ತಮ್ಮ ವಿಶ್ವಾಸಿ,
ಚನ್ನಬಸವ

ಮರೆತ ಮಾತು: ಈ ಪತ್ರವನ್ನು ತಮಗೆ ಪ್ರಿಯವಾದ ಹಲಸಿನ ಮರಕ್ಕೆ ಅಂಟಿಸುವ ಮೊದಲೇ ಸಮಿತಿಯಿಂದ ಉತ್ತರ ಬಂದಿದೆ. ನಮ್ಮ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸುಪ್ರಿಯಾಳ ಅನುಕೂಲಕ್ಕಾಗಿ ಜೀಪಿನ ಮೈಕಿನ ಸದ್ದನ್ನು ದುಪ್ಪಟ್ಟು ಮಾಡಿ, ಕಡತವನ್ನು ಮುಕ್ತಾಯಗೊಳಿಸಿದ್ದಾರಂತೆ. ಇಂದು ಬೆಳಿಗ್ಗೆ ಆ ಮೈಕು ನಮ್ಮ ಅಂಗಡಿಯ ಮುಂದೆ ಹಾದುಹೋಯಿತು. ಅಂಗಡಿಯನ್ನು ತೆರೆದೇ ಬಿಟ್ಟು ನಾನು ತೋಟಕ್ಕೆ ಓಡಿದೆ. ಇಡೀ ಬಾಳೂರು ಅದುರುವಂತೆ ಮೈಕು ತಮ್ಮ ಹೆಸರು ಕೂಗುತ್ತಿತ್ತು; ಅವಳು ಕಾಡಿಗೆ ಬೆನ್ನು ಹಾಕಿ ಹಣ್ಣು ಕುಯ್ಯುತ್ತಿದ್ದಳು.