ಎಲ್ಲರದೂ ಎರಡೇ ರೊಟ್ಟಿ

ಕೆಲವರ ಬಾಯಿಂದ ಕೆಲವು ಮಾತು ಹೊರಡುವುದೇ ಇಲ್ಲ. ನಮ್ಮ ಪಕ್ಕದ ಮನೆಯವರಿಗೆ ‘ತಪ್ಪಾಯಿತು’ ಎನ್ನಲು ಬರುವುದಿಲ್ಲ. ನನಗೆ ‘ಗೊತ್ತಿಲ್ಲ’ ಎನ್ನಲು ಬರುವುದಿಲ್ಲ. ಇದು ಸೊಕ್ಕಲ್ಲ, ನಾನು ಬೆಳೆದದ್ದೇ ಹಾಗೆ. ಸಾಲಹಳ್ಳಿಯ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಬಿ.ಎಸ್ಸಿ. ಮುಗಿಸಿ ಊರಿಗೆ ಹೋದ ದಿನದಿಂದ ಅಕ್ಷರವಿರುವ ವಸ್ತುವೆಲ್ಲ ನನ್ನ ಮುಂದೆ ಬಂದು ನಿಲ್ಲತೊಡಗಿತು. ಗೊಬ್ಬರದ ಚೀಲ, ಗುಳಿಗೆಯ ಪಟ್ಟಿ, ಕೋರ್ಟಿನ ನೋಟೀಸು, ಹೊಸ ಮಿಕ್ಸರಿನ ಡಬ್ಬಿ. ಒಮ್ಮೆ ನಮ್ಮ ಕಾಕಾ ತಮ್ಮ ಮೊಣಕಾಲಿನ ಎಕ್ಸ್‌ರೇ ತಂದು ಕೈಗಿಟ್ಟರು. ಗಣಿತ ಓದಿದವನು ಮೊಣಕಾಲಿನ ಬಗ್ಗೆ ಏನು ಹೇಳಬೇಕು? ಬೆಳಕಿಗೆ ಹಿಡಿದು ನೋಡಿದೆ, ಗಂಭೀರವಾಗಿ ತಲೆಯಾಡಿಸಿದೆ. ಕಾಕಾನ ಅರ್ಧ ನೋವು ಅಲ್ಲೇ ಇಳಿಯಿತು. ನಮ್ಮವ್ವನಂತೂ ‘ನನ್ನ ಮಗಗ ಬರಲಾರದ್ದು ಏನೂ ಇಲ್ಲ’ ಎಂದು ಓಣಿಗೆಲ್ಲ ಸಾರಿಬಿಟ್ಟಿದ್ದಳು. ಹೊಲದ ಕೆಲಸ ಮಾಡಿ ಓದಿಸಿದವಳ ಮಾತು, ಅದನ್ನು ಸುಳ್ಳು ಮಾಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಆದ್ದರಿಂದಲೇ ಈ ಬೇಸಿಗೆಯ ಕಥೆ ನಡೆಯಿತು. ನಾನು ಸವದತ್ತಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ; ಅವ್ವ, ಹೆಂಡತಿ, ಇಬ್ಬರು ಸಣ್ಣ ಮಕ್ಕಳೊಡನೆ ಇರುವುದೂ ಅಲ್ಲೇ. ರಜೆ ಬೀಳುವ ಹೊತ್ತಿಗೆ ಒಂದು ಸಂಸ್ಥೆಯವರು ಬಂದು, ಒಂಬತ್ತನೇ ಇಯತ್ತೆ ಮುಗಿಸಿದ ಮಕ್ಕಳಿಗೆ ಮೂರು ವಾರ ಡೇಟಾ ಸೈನ್ಸ್ ಕಲಿಸುತ್ತೇವೆ, ಲ್ಯಾಪ್‌ಟಾಪ್ ನಾವೇ ತರುತ್ತೇವೆ, ಶಾಲೆಯಿಂದ ಒಬ್ಬ ಮಾರ್ಗದರ್ಶಕರು ಬೇಕು ಎಂದರು. ಅರ್ಜಿಯಲ್ಲಿ ‘ಡೇಟಾ ಸೈನ್ಸ್ ಪರಿಚಯವಿದೆಯೇ?’ ಎಂಬ ಪ್ರಶ್ನೆಯಿತ್ತು. ನನ್ನ ಕೈ ನನ್ನನ್ನು ಕೇಳದೆ ‘ಇದೆ’ ಎಂದು ಬರೆಯಿತು. ಪರಿಚಯವೆಂದರೆ ಇಷ್ಟೆ: ಆ ಎರಡು ಶಬ್ದಗಳನ್ನು ಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಮುಖ್ಯೋಪಾಧ್ಯಾಯಿನಿ ಹೆಡ್ ಅಕ್ಕೋರು ಅದನ್ನು ಓದಿ, ‘ಸರ, ನಿಮಗ ಇದೂ ಬರತೈತಿ?’ ಎಂದು ಕಣ್ಣರಳಿಸಿದರು. ನಾನು ಎಕ್ಸ್‌ರೇ ನೋಡಿದಂತೆ ತಲೆಯಾಡಿಸಿದೆ.

ಮೊದಲ ನಾಲ್ಕು ದಿನ ಹುಬ್ಬಳ್ಳಿಯಿಂದ ಬಂದ ತರಬೇತಿಯ ಹುಡುಗಿ ಪಾಠ ಮಾಡಿದಳು. ಆ ನಾಲ್ಕು ದಿನದ ಸಡಗರವನ್ನು ಹೇಗೆ ಹೇಳಲಿ! ರಜೆಯಲ್ಲಿ ಕರೆದರೆ ನೆವ ಹೇಳುವ ಮಕ್ಕಳು ಅಕ್ಕೋರು ಕೀಲಿ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು. ಅಂಕಿ ತುಂಬಿ ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಬಣ್ಣದ ಕಂಬಗಳು ಎದ್ದು ನಿಂತಾಗ ಇಡೀ ವರ್ಗ ಹೋ ಎಂದಿತು. ಹೋ ಎಂದವರಲ್ಲಿ ನಾನೂ ಇದ್ದೆ; ಆಮೇಲೆ ಕೆಮ್ಮಿದಂತೆ ಮಾಡಿದೆ. ಕೊನೆಯ ದಿನ ಮಕ್ಕಳೇ ಒಂದು ಪ್ರಶ್ನೆಗೆ ಉತ್ತರ ಹುಡುಕಿ ಊರವರ ಮುಂದೆ ತೋರಿಸಬೇಕು, ಅದನ್ನು ನೋಡಿಯೇ ಮುಂದಿನ ಬೇಸಿಗೆಗೆ ಎರಡನೇ ಹಂತವನ್ನು ಇದೇ ಶಾಲೆಗೆ ಕೊಡುವುದೋ ಬೇರೆ ಶಾಲೆಗೋ ಎಂದು ಸಂಸ್ಥೆ ತೀರ್ಮಾನಿಸುತ್ತದೆ ಎಂದು ಹೇಳಿ ಆ ಹುಡುಗಿ ಬಸ್ ಹತ್ತಿದಳು. ಮಕ್ಕಳು ಅಂದಿನಿಂದಲೇ ಎರಡನೇ ಹಂತದ ಮಾತನ್ನೇ ಆಡತೊಡಗಿದರು.

ಪ್ರಶ್ನೆ ಆರಿಸಿದವಳು ರೇಣುಕಾ. ಉಗರಗೋಳದಿಂದ ಬರುವ ಹುಡುಗಿ; ಮಾತು ಕಡಿಮೆ, ಆಡಿದರೆ ಮಾಸ್ತರರು ಎಚ್ಚರದಿಂದ ಕೇಳಬೇಕು. ರೊಟ್ಟಿ ಹೆಚ್ಚು ತಿನ್ನುವವರು ಹೊಲದ ಕೆಲಸದವರೋ, ಕುಂತು ಕೆಲಸ ಮಾಡುವವರೋ? ಇದು ಅವಳ ಪ್ರಶ್ನೆ. ನನಗೆ ಬಹಳ ಹಿಡಿಸಿತು. ನಲವತ್ತು ಮನೆಗೆ ಹೋಗಿರಿ, ದಿನಕ್ಕೆ ಯಾರು ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿರಿ, ಬರೆದುಕೊಂಡು ಬನ್ನಿರಿ ಎಂದು ಸೇನಾಪತಿಯಂತೆ ಅಪ್ಪಣೆ ಕೊಟ್ಟೆ.

ಮೂರು ದಿನ ಬಿಸಿಲಲ್ಲಿ ತಿರುಗಿ, ಪ್ರತಿ ಮನೆಯಲ್ಲೂ ಚಹಾ ಕುಡಿದು, ಚಹಾದಿಂದಲೇ ಹೊಟ್ಟೆ ಕೆಡಿಸಿಕೊಂಡು ಮಕ್ಕಳು ಮಾಹಿತಿ ತಂದರು. ಗುಂಡಿ ಒತ್ತಿದೆವು. ಪರದೆಯ ನಟ್ಟನಡುವೆ ಒಂದೇ ಒಂದು ಕಂಬ ಲೈಟಿನ ಕಂಬದ ಹಾಗೆ ನಿಂತಿತು. ಎರಡು. ಹೊಲದವರು ಎರಡು, ಬ್ಯಾಂಕಿನವರು ಎರಡು, ಹಮಾಲರು ಎರಡು, ಹಲ್ಲಿಲ್ಲದ ಅಜ್ಜಂದಿರೂ ಎರಡು. ನಲವತ್ತು ಮನೆಗಳಲ್ಲಿ ಎಲ್ಲರೂ ದಿನಕ್ಕೆ ಎರಡೇ ರೊಟ್ಟಿ ತಿಂದು ಬದುಕಿದ್ದರು. ‘ಇದಕ್ಕೆ ದತ್ತಾಂಶದ ಸ್ಥಿರತೆ ಎನ್ನುತ್ತಾರೆ’ ಎಂದು ನಾನು ಸ್ಥಳದಲ್ಲೇ ಒಂದು ಶಾಸ್ತ್ರ ಹುಟ್ಟಿಸಿದೆ. ಮಕ್ಕಳು ಬರೆದುಕೊಳ್ಳತೊಡಗಿದರು. ರೇಣುಕಾ ಮಾತ್ರ ಪೆನ್ನು ಎತ್ತಲಿಲ್ಲ.

‘ಸರ, ನಮ್ಮಪ್ಪ ಎರಡ ರೊಟ್ಟಿ ಬರೇ ಪಲ್ಯಾದ ರುಚಿ ನೋಡಾಕ ತಿಂತಾನ್ರಿ’ ಎಂದಳು.

ಮನೆಗೆ ಬಂದು ಊಟಕ್ಕೆ ಕುಳಿತಾಗ ಈ ಒಗಟನ್ನು ಅವ್ವನ ಮುಂದಿಟ್ಟೆ. ನನ್ನ ಗಂಗಾಳಕ್ಕೆ ಇನ್ನೊಂದು ಬಿಸಿ ರೊಟ್ಟಿ ಹಾಕುತ್ತ ಅವಳು, ಮಕ್ಕಳು ನಮ್ಮ ಮನೆಗೂ ಬಂದಿದ್ದರು, ನಿನ್ನದೂ ಎರಡೇ ಎಂದು ಬರೆಸಿದ್ದೇನೆ ಎಂದಳು. ಯಾಕೆ ಎಂದು ಕೇಳಿದೆ.

‘ತಿನ್ನೂ ರೊಟ್ಟಿ ಯಾರರ ಎಣಸ್ತಾರೇನೋ? ಕಣ್ಣ ತಾಕತೈತಿ. ಇಷ್ಟ ಕಲತು ನಿನಗ ಇದ ಗೊತ್ತಿಲ್ಲೇನು?’

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಸಣ್ಣವನಿದ್ದಾಗ ಕಾಕಾ ಉಣ್ಣುವಾಗ ಬೆರಳು ಮಡಚಿ ಎಣಿಸಿದ್ದಕ್ಕೆ ಬೆನ್ನ ಮೇಲೆ ಗುದ್ದು ತಿಂದವನು ನಾನು. ನಮ್ಮಲ್ಲಿ ಉಣ್ಣುವವನೂ ಎಣಿಸುವುದಿಲ್ಲ, ನೀಡುವವಳೂ ಎಣಿಸುವುದಿಲ್ಲ; ಸಾಕು ಎಂದಮೇಲೂ ಒಂದು ಬೀಳಲೇಬೇಕು. ಅಂಥ ಊರಲ್ಲಿ ಹುಟ್ಟಿ ಬೆಳೆದವನು, ಲ್ಯಾಪ್‌ಟಾಪ್ ಕಂಡದ್ದೇ ತಡ, ನಲವತ್ತು ಮನೆಯ ತಾಯಂದಿರ ಮುಂದೆ ಅವರ ಗಂಡಂದಿರ ತುತ್ತು ಎಣಿಸಲು ಮಕ್ಕಳನ್ನು ಕಳಿಸಿದ್ದೆ. ಕೊನೆಯ ದಿನಕ್ಕೆ ಉಳಿದದ್ದು ಐದೇ ದಿನ.

ಮರುದಿನ ವರ್ಗದಲ್ಲಿ ನಿಂತು ಸ್ಥಿರತೆಯ ಶಾಸ್ತ್ರವನ್ನು ಹೊಡೆದುಹಾಕಿರಿ ಎಂದೆ. ಮಾಹಿತಿ ಸುಳ್ಳು, ಸುಳ್ಳಾದದ್ದು ನನ್ನ ತಪ್ಪಿನಿಂದ ಎಂದೆ. ಹಂಗಾದ್ರ ಮುಂದೇನ್ರಿ ಸರ ಎಂದು ಯಾರೋ ಕೇಳಿದರು. ಎರಡನೇ ಹಂತದ ಆಸೆ ಹೊತ್ತ ಇಪ್ಪತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ತಲೆಯಾಡಿಸಲು ನೋಡಿದೆ, ಆಗಲಿಲ್ಲ.

‘ನನಗ ಗೊತ್ತಿಲ್ಲ’ ಎಂದೆ.

ಛಾವಣಿ ಬೀಳಲಿಲ್ಲ. ಬದಲು ಮಕ್ಕಳೆಲ್ಲ ಒಮ್ಮೆಲೇ ಮಾತಾಡತೊಡಗಿದರು, ಇಷ್ಟು ದಿನ ಇದಕ್ಕೇ ಕಾದಿದ್ದರೋ ಎನ್ನುವಂತೆ. ಒಬ್ಬ, ಕಿಡಕಿಯಿಂದ ಇಣುಕಿ ಎಣಿಸೋಣ ಎಂದ, ಅವನನ್ನು ಕೂರಿಸಿದೆವು. ಗದ್ದಲ ಇಳಿದ ಮೇಲೆ ರೇಣುಕಾ ಎದ್ದಳು.

‘ರೊಟ್ಟಿ ಬ್ಯಾಡ್ರಿ ಸರ. ಹಿಟ್ಟ ಕೇಳೂಣ್ರಿ. ಹಿಟ್ಟಿಗೆ ಯಾರೂ ಕಣ್ಣ ಹಾಕೂದಿಲ್ಲ.’

ಮನೆಯಲ್ಲಿ ಎಷ್ಟು ಮಂದಿ, ಗಿರಣಿಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತೀರಿ, ಎಷ್ಟು ಕಿಲೋ ಜೋಳ ಬೀಸಿಸುತ್ತೀರಿ. ಇಷ್ಟೇ ಪ್ರಶ್ನೆ. ಅದೇ ನಲವತ್ತು ಮನೆಗಳಿಗೆ ಮಕ್ಕಳು ಮತ್ತೆ ಓಡಿದರು. ಮೊದಲು ತುಟಿ ಬಿಗಿದಿದ್ದ ತಾಯಂದಿರು ಈಗ ಮಕ್ಕಳನ್ನು ಕೂರಿಸಿಕೊಂಡು, ಗಿರಣಿಗೆ ಡಬ್ಬಿ ಹೊತ್ತು ಸೊಂಟ ಹೋದ ಕಥೆಯನ್ನು ಕೇಳದೆಯೇ ಹೇಳಿದರಂತೆ. ನಮ್ಮ ಮನೆಯ ಡಬ್ಬಿಯನ್ನು ಪ್ರತಿ ಭಾನುವಾರ ಸ್ಕೂಟರಿನ ಮೇಲೆ ಒಯ್ಯುವವನು ನಾನೇ. ಒಂದು ವಾರ ಬಿಟ್ಟರೆ ಸೋಮವಾರಕ್ಕೆ ತಳ ಕಾಣುತ್ತದೆ ಎಂದು ಹೆಮ್ಮೆಯಿಂದ, ದೊಡ್ಡ ದನಿಯಲ್ಲಿ ಬರೆಸಿದೆ. ಆಗ ನನಗೆ ಅದರಲ್ಲಿ ಅಪಾಯ ಕಾಣಲಿಲ್ಲ.

ಇನ್ನು ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಎಂದು ತಿಳಿಯಬೇಕಿತ್ತು. ಅವ್ವನನ್ನು ಶಾಲೆಯ ಅಡುಗೆಮನೆಗೆ ಕರೆತಂದೆವು. ಎಣಿಸಿದರೆ ನಡೆಯುತ್ತದೆಯೇ ಎಂದು ಹೆದರುತ್ತಲೇ ಕೇಳಿದೆ. ತಿನ್ನುವುದನ್ನು ಎಣಿಸಬಾರದು, ಬಡಿಯುವುದನ್ನು ಎಣಿಸಿದರೆ ಏನಾಗುತ್ತದೆ ಎಂದು ನನ್ನನ್ನೇ ಬೈದಳು. ಹದಿಮೂರು ರೊಟ್ಟಿ ಬಡಿದಳು. ರೇಣುಕಾ ಇನ್ನೊಂದು ಕಿಲೋ ತೂಗಿ ಕೊಟ್ಟಳು, ಮತ್ತೆ ಹದಿಮೂರು. ಮೂರನೆಯ ಸಲವೂ ಹದಿಮೂರು. ಕಣ್ಣಳತೆ ಬಿಟ್ಟರೆ ಬೇರೆ ಅಳತೆ ಗೊತ್ತಿಲ್ಲದ ಮುದುಕಿಯ ಕೈಯನ್ನು ಮಕ್ಕಳು ಯಂತ್ರ ನೋಡಿದಂತೆ ನೋಡಿದರು. ನನ್ನ ಪದವಿಗೆ ಸಿಗದ ಮರ್ಯಾದೆ ಅದು, ಆದರೂ ನನ್ನ ಎದೆಯೇ ಉಬ್ಬಿತು. ಅಳತೆ ಮಾಡಿದ್ದನ್ನೆಲ್ಲ ಶೇಂಗಾ ಚಟ್ನಿಪುಡಿಯೊಡನೆ ತಿಂದು ಮುಗಿಸಿದೆವು. ಯಾರೂ ಎಣಿಸಲಿಲ್ಲ.

ಕೊನೆಯ ದಿನ ಸಭೆ ತುಂಬಿತ್ತು. ಸಂಸ್ಥೆಯ ಇಬ್ಬರು ಮುಂದಿನ ಸಾಲಿನಲ್ಲಿ, ಅವ್ವ ಅವರ ಪಕ್ಕದಲ್ಲಿ. ರೇಣುಕಾ ಮೊದಲು ಲೈಟಿನ ಕಂಬ ತೋರಿಸಿ, ಇದು ಮಂದಿ ಹೇಳಿದ್ದು ಎಂದಳು. ಆಮೇಲೆ ನಲವತ್ತು ಚುಕ್ಕಿಗಳ ಚಿತ್ರ ತೋರಿಸಿ, ಇದು ಹಿಟ್ಟು ಹೇಳಿದ್ದು ಎಂದಳು. ಸಭೆಯಲ್ಲಿ ನಗೆ ಎದ್ದಿತು, ನಗೆಯ ಹಿಂದೆ ಚಪ್ಪಾಳೆ. ಮನೆಗೊಂದು ಚುಕ್ಕಿ, ತಲೆಗೆ ರೊಟ್ಟಿ ಹೆಚ್ಚಿದಷ್ಟೂ ಮೇಲೆ. ಹೊಲದವರ ಚುಕ್ಕಿಗಳು ಮೇಲಿದ್ದವು, ಕುಂತು ಕೆಲಸ ಮಾಡುವವರವು ಕೆಳಗೆ. ಆದರೆ ಕುಂತವರ ಸಾಲಿನ ಒಂದು ಚುಕ್ಕಿ ಹೊಲದವರನ್ನೆಲ್ಲ ದಾಟಿ ಮೂಲೆಯಲ್ಲಿ ಒಂಟಿಯಾಗಿ ಕುಳಿತಿತ್ತು. ಹೆಸರಿರಲಿಲ್ಲ, ‘ಮನೆ ಹದಿನೇಳು’ ಎಂದಷ್ಟೇ ಇತ್ತು. ಇದು ಬರೆಯುವಾಗ ಆದ ತಪ್ಪೇ ಎಂದು ಸಂಸ್ಥೆಯವರು ಕೇಳಿದರು.

‘ತಪ್ಪಲ್ರಿ, ಎರಡ ಸಲ ನೋಡೇವ್ರಿ. ಆ ಮನಿಯಾಗ ಒಬ್ಬ ಅಜ್ಜಿ, ಅವರ ಸೊಸಿ, ಇಬ್ಬರು ಸಣ್ಣ ಹುಡುಗರು ಅದಾರ್ರಿ’ ಎಂದು ರೇಣುಕಾ ಸ್ವಲ್ಪ ತಡೆದು, ‘ಮತ್ತ ಒಬ್ಬರು ಸರ ಅದಾರ್ರಿ’ ಎಂದಳು.

ಇಡೀ ಸಭೆ ತಿರುಗಿ ನನ್ನ ಹೊಟ್ಟೆ ನೋಡಿತು. ಅವ್ವ ಕೂತಲ್ಲೇ ಹಣೆಯ ಎರಡೂ ಬದಿಗೆ ಬೆರಳೊತ್ತಿ ನಟಿಗೆ ಮುರಿದು ದೃಷ್ಟಿ ತೆಗೆದಳು. ಅಷ್ಟು ಕಣ್ಣು ಒಮ್ಮೆಲೇ ತಾಕಿದ್ದನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ.

ಎರಡನೇ ಹಂತ ನಮಗೇ ಸಿಕ್ಕಿತು. ಮಕ್ಕಳ ಕೂಗಾಟಕ್ಕೆ ಹೆಡ್ ಅಕ್ಕೋರೂ ತಡೆ ಹಾಕಲಿಲ್ಲ. ಸಂಸ್ಥೆಯವರು ಅಲ್ಲೇ ಒಂದು ಅರ್ಜಿ ಕೊಟ್ಟರು. ಮಾರ್ಗದರ್ಶಕರಿಗೆ ಧಾರವಾಡದಲ್ಲಿ ಒಂದು ವಾರದ ತರಬೇತಿಯಂತೆ. ಮನೆಗೆ ತಂದು ತುಂಬಲು ಕುಳಿತೆ. ‘ಮುಂದಿನ ಹಂತದ ವಿಷಯಗಳ ಪರಿಚಯವಿದೆಯೇ?’ ಎಂಬಲ್ಲಿ ‘ಇಲ್ಲ, ಕಲಿಯುತ್ತೇನೆ’ ಎಂದು ಬರೆದೆ. ಬರೆದು ಹಗುರಾದೆ; ಇನ್ನು ಮೇಲೆ ಸತ್ಯವನ್ನೇ ಬರೆಯುವ ಮನುಷ್ಯನಾದೆ ಎನಿಸಿತು. ಅದರ ಕೆಳಗೆ ಊಟದ ವ್ಯವಸ್ಥೆಯ ಪ್ರಶ್ನೆಯಿತ್ತು: ‘ಒಂದು ಹೊತ್ತಿಗೆ ಎಷ್ಟು ರೊಟ್ಟಿ ಬೇಕಾಗುತ್ತವೆ?’

ಪೆನ್ನು ಒಂದು ಗಳಿಗೆ ನಿಂತಿತು. ‘ಎರಡು’ ಎಂದು ಬರೆದೆ. ಓದಲು ಬಾರದ ಅವ್ವ ನನ್ನ ಹೆಗಲ ಮೇಲಿಂದ ಕಾಗದವನ್ನು ನೋಡಿ, ಗಂಭೀರವಾಗಿ ತಲೆಯಾಡಿಸಿದಳು.