ಏಳು ಡಬ್ಬಿ, ಒಬ್ಬ ಬಾಣಂತಿ

ವೈಫೈ ಹಾಕುವವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಸಿಗ್ನಲ್ ಕೊಡುವ ಡಬ್ಬಿ ಎಲ್ಲ ಊರಲ್ಲೂ ಒಂದೇ, ಅದರ ಕೆಳಗೆ ನಿಲ್ಲುವ ಜನ ಮಾತ್ರ ಬೇರೆ. ಸಾಲದ್ದಕ್ಕೆ, ಏಣಿ ಹತ್ತಿದರೆ ಹಗಲುಗನಸಿಗೆ ಬೀಳುವ ಚಾಳಿ ನನಗುಂಟು.

ಮಲಗಿದ ಬೆಟ್ಟ

ಶಹಾಪುರದ ಹತ್ತಿ ಮಿಲ್ಲು ನಾನೊಬ್ಬನೇ ಹಿಡಿದ ಮೊದಲ ಕೆಲಸ. ಯಾದಗಿರಿಯಲ್ಲಿ ಬಸ್ಸು ಹತ್ತಿಸುವಾಗ ನಮ್ಮ ಅಂಗಡಿಯ ಮಾಲಕರು, "ಇದು ಕೆಟ್ಟಿತಂದ್ರ ಮತ್ತ ಕ್ಯಾಮೆರಾ ಒರಸೋ ಕೆಲಸಾನ ನೋಡಪಾ ನಿಂದು" ಅಂದಿದ್ದರು. ಮಿಲ್ಲಿನ ಸಾವ್ಕಾರರದು ಒಂದೇ ಮಾತು: "ಅಮಾಸಿ ಪೂಜಿ ಹೊತ್ತಿಗಿ ಚಾಲೂ ಆಗಬೇಕ್ರಿ. ಸುರಪುರದಾಗ ನಮ್ಮ ಅಕ್ಕ ಕಾಲು ಮುರಕೊಂಡು ಕುಂತಾಳ. ಫೋನಿನಾಗ ಪೂಜಿ ತೋರಸ್ತೀನಂತ ಆಕಿಗಿ ಮಾತು ಕೊಟ್ಟೀನಿ."

ಏಣಿ ಹತ್ತಿದೆ. ಹತ್ತಿಯ ಎಳೆಗಳು ಬಿಸಿಲಿನಲ್ಲಿ ಮೆಲ್ಲಗೆ ತೇಲುತ್ತಿದ್ದವು. ಕಿಟಕಿಯಾಚೆ ಬುದ್ಧ ಮಲಗಿದಂತಿರುವ ಬೆಟ್ಟ. ಎಷ್ಟು ಹಿತವಾಗಿತ್ತೆಂದರೆ ಡ್ರಿಲ್ಲು ಕೈಯಲ್ಲೇ ಉಳಿಯಿತು. ಕೆಳಗಿನಿಂದ ಮುಕಾದಮ, ಅಂದರೆ ಮೂಟೆ ಹೊರುವ ಹಮಾಲರ ಮೇಸ್ತ್ರಿ, ಕೂಗಿದ: "ಎಂಜಿನಿಯರ್ರ, ಬೆಟ್ಟ ಮಲಗಿದ್ದು ಸಾಕ್ರಿ. ನೀವರ ಏಳ್ರಿ."

ಡಬ್ಬಿಗಳ ಮುಕಾದಮ

ಏಳು ಡಬ್ಬಿ ಅಲ್ಲಲ್ಲಿ ಕೂತವು. ಆಫೀಸಿನಲ್ಲಿ ಕಂಟ್ರೋಲರ್ ಇಟ್ಟೆ.

"ಇದೇನು ಮಾಡ್ತದ್ರಿ?" ಸಾವ್ಕಾರರು ಕೇಳಿದರು.

"ಆ ಏಳಕ್ಕೂ ಇದೇ ಮುಕಾದಮ ಇದ್ದಂಗ್ರಿ. ಯಾರು ಎಲ್ಲಿ, ಏನು ಮಾಡಬೇಕು, ಎಲ್ಲಾ ಇದೇ ಹೇಳ್ತದ."

"ಇದು ಸಿಗ್ನಲ್ ಕೊಡತದೇನು?"

"ಇಲ್ರಿ."

"ಮ್ಯಾಲ ಹತ್ತತದೇನು?"

"ಇಲ್ರಿ, ಕುಂತಲ್ಲೇ ಹೇಳ್ತದ."

ಸಾವ್ಕಾರರು ಬಾಗಿಲಲ್ಲಿ ನಿಂತಿದ್ದ ಮುಕಾದಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಂಗಾದ್ರ ಖರೇನೇ ಮುಕಾದಮ ಬಿಡ್ರಿ."

ಬಾಣಂತಿ

ಗೋದಾಮಿನ ಡಬ್ಬಿಯನ್ನು ಕಬ್ಬಿಣದ ತೊಲೆಯ ಮೇಲೆ ಕೂರಿಸಿದ್ದೆ. ಎಂಟು ದಿನ ಬಿಟ್ಟು, ಅದನ್ನು ತುಸು ಆಚೆ ಸರಿಸೋಣವೆಂದು ಹತ್ತಿದರೆ ಅದರ ಮೇಲೊಂದು ಪಾರಿವಾಳ. ಡಬ್ಬಿ ಸದಾ ಬೆಚ್ಚಗಿರುತ್ತದಲ್ಲ, ಎರಡು ಮೊಟ್ಟೆ ಇಟ್ಟು ಕೂತಿತ್ತು. ಅರ್ಧ ಕಣ್ಣು ಮುಚ್ಚಿ ನನ್ನನ್ನು ನೋಡಿತು. ನನ್ನಷ್ಟೇ ಕನಸುಗಾರ ಜೀವ.

"ಮುಟ್ಟಬ್ಯಾಡ್ರಿ," ಮುಕಾದಮ ಏಣಿಯನ್ನೇ ಹಿಡಿದುಕೊಂಡ. "ಬಾಣಂತೀನ ಎಬ್ಬಸಬಾರದು."

"ಸಿಗ್ನಲ್ ಸರಿ ಬರಂಗಿಲ್ಲೋ ಮಾರಾಯಾ."

"ಬರದಿದ್ರ ಬರವಲ್ತು. ಮರಿ ಹಾರೋತನಕ ತಡೀರಿ."

ಇಳಿದು ಬಂದು ಕಂಟ್ರೋಲರಿನಲ್ಲಿ ಆ ಡಬ್ಬಿಯ ಹೆಸರನ್ನು 'ಬಾಣಂತಿ' ಎಂದು ಬದಲಿಸಿದೆ. ಕ್ಯಾಮೆರಾ ಒರೆಸುವ ಬಟ್ಟೆ ಕಣ್ಣೆದುರು ಬಂದು ಹೋಯಿತು.

ಅಮಾವಾಸ್ಯೆ

ಆ ಬೆಳಿಗ್ಗೆ ಯಾದಗಿರಿಯಿಂದ ಬರುತ್ತ ಭೀಮಾ ಹೊಳೆಯ ಸೇತುವೆ ದಾಟುವಾಗ ನೀರು ನೋಡುತ್ತ ಎಲ್ಲಾ ಸರಿಹೋಯಿತೆಂದೇ ಕನಸು ಕಂಡೆ. ಮಿಲ್ಲಿಗೆ ಬಂದು ಕಂಟ್ರೋಲರಿನ ಪರದೆ ನೋಡಿದರೆ ಆರು ಡಬ್ಬಿ ಕೆಂಪು, ಅಂದರೆ ಬಂದ್. ಗೋಡೆ ನೋಡಿದೆ, ವೈರು ಜೋತಾಡುತ್ತಿದ್ದವು, ಡಬ್ಬಿ ಇಲ್ಲ.

ಅಂಗಳದಲ್ಲಿ ದೇವರ ಮುಂದೆ ತಕ್ಕಡಿ, ಪಾನಾ, ಸುತ್ತಿಗೆಗಳ ಸಾಲಿನಲ್ಲಿ ಆರೂ ಡಬ್ಬಿ ಕೂತಿದ್ದವು. ಮೈಗೆ ಮೂರು ಬೆರಳಿನ ವಿಭೂತಿ, ತಲೆಗೆ ಚೆಂಡು ಹೂವು.

"ಯಾರಪಾ ಇಳಿಸಿದ್ದು?"

"ನಾವಾ ಇಳಿಸೀವ್ರಿ," ಮುಕಾದಮ ಹೆಮ್ಮೆಯಿಂದ ಹೇಳಿದ. "ಅಮಾಸಿ ದಿನ ಮಿಲ್ಲಿನಾಗಿನ ಒಂದು ಸಾಮಾನಿಗೂ ಪೂಜಿ ತಪ್ಪಸಂಗಿಲ್ಲ. ನೀರಾಗ ಅದ್ದಿದ ಅರಿಬಿಲೆ ಒರಸೀವ್ರಿ."

"ಈಗ ತಗೊಂಡು ಹಚ್ಚಲೇನು?"

"ಪೂಜಿಗಿ ಕುಂತದ್ದು ಸಂಜಿತನಕ ಏಳಂಗಿಲ್ರಿ."

ಅಷ್ಟರಲ್ಲಿ ಸಾವ್ಕಾರರು ಫೋನು ಹಿಡಿದು ಬಂದೇಬಿಟ್ಟರು. "ಅಕ್ಕ ಕಾಯಾಕತ್ತಾಳ. ಚಾಲೂ ಮಾಡ್ರಿ." ಪರದೆ ನೋಡಿದೆ. ಆರು ಕೆಂಪು ಸಾಲಿನ ಕೆಳಗೆ ಒಂದೇ ಒಂದು ಹಸಿರು: ಬಾಣಂತಿ. ಪುಣ್ಯಕ್ಕೆ ಅದನ್ನು ಯಾರೂ ಎಬ್ಬಿಸಿರಲಿಲ್ಲ.

"ಗೋದಾಮಿಗಿ ನಡೀರಿ," ಎಂದೆ. ಗೋದಾಮಿನ ಬಾಗಿಲು ತೆರೆದಿಟ್ಟರೆ ಒಳಗಿನಿಂದಲೇ ಅಂಗಳದ ಪೂಜೆ ಎದುರಿಗೆ ಕಾಣುತ್ತಿತ್ತು. ಸಾವ್ಕಾರರು ತೊಲೆಯ ಕೆಳಗೆ ನಿಂತರು, ಫೋನು ಹತ್ತಿತು. ಮಂಗಳಾರತಿ ಆಯಿತು, ಕಾಯಿ ಒಡೆಯಿತು, ಅಕ್ಕ ಸುರಪುರದಲ್ಲೇ ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು. ಕೊನೆಗೆ ಸಾವ್ಕಾರರು ಸಂತೋಷದಿಂದ ಫೋನನ್ನು ಮೇಲಕ್ಕೆತ್ತಿ ಡಬ್ಬಿಯನ್ನೂ ಅದರ ಮೇಲಿನ ಪಾರಿವಾಳವನ್ನೂ ತೋರಿಸಿದರು.

ಅಕ್ಕ ಹೇಳಿದರು: "ತಮ್ಮಾ, ಕನ್ನಡಿಯೊಳಗ ನೋಡಿದಂಗ ಕಂಡಿತಪಾ. ಉಳಿದ ಡಬ್ಬಿ ಮ್ಯಾಲೂ ಒಂದೊಂದು ಪಾರಿವಾಳ ಕುಂದರಸು."

ಸಾವ್ಕಾರರು ನನ್ನ ಕಡೆ ತಿರುಗಿದರು. "ಕೇಳಿದ್ರಲ್ಲ? ಇನ್ನ ಆರು ಪಾರಿವಾಳ ಯಾವಾಗ ತರ್ತೀರಿ?"