ಲವಂಗಕ್ಕೊಂದು ಖಾನೆ

ಗಂಡಸಾಗಿ ಹುಟ್ಟಿದ ಮೇಲೆ ಒಂದು ಮೊಳೆಯನ್ನಾದರೂ ನೆಟ್ಟಗೆ ಹೊಡೆದು ಸಾಯಬೇಕು ಎಂಬ ಆಸೆ ನನ್ನಲ್ಲಿ ಮೊಳೆತದ್ದು ನನ್ನ ಷಡ್ಡಕನಿಂದ. ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಹೋಲಿಕೆ ಎಂಬುದರ ಕಷ್ಟ ಮನುಷ್ಯನಿಗೆ ಗೊತ್ತಾಗಲಿ ಎಂದೇ ದೇವರು ಈ ಸಂಬಂಧವನ್ನು ಸೃಷ್ಟಿಸಿರಬೇಕು.

ಈ ಮಹಾಶಯ ಒಂದು ರಜೆಯ ದಿನ ಯಾರ ಸಹಾಯವೂ ಇಲ್ಲದೆ ಚಪ್ಪಲಿ ಸ್ಟ್ಯಾಂಡ್ ಮಾಡಿಬಿಟ್ಟನಂತೆ. ಅಂದಿನಿಂದ ನಮ್ಮ ಮನೆಯ ಫೋನಿಗೆ ಬೇರೆ ಸುದ್ದಿಯೇ ಬರಲಿಲ್ಲ. ನಾದಿನಿ ಆ ಕಡೆಯಿಂದ ವರ್ಣಿಸುವುದು, ನನ್ನವಳು ಈ ಕಡೆಯಿಂದ "ಹೌದೇನೇ? ಪುಣ್ಯವಂತೆ ಬಿಡು" ಎನ್ನುವುದು, ಎನ್ನುತ್ತಲೇ ಸೋಫಾದ ಮೇಲೆ ಉರುಳಿಕೊಂಡಿದ್ದ ನನ್ನನ್ನು ಒಮ್ಮೆ ನೋಡುವುದು. ಹಳೆಯ ಸಾಮಾನು ಕೊಳ್ಳುವವನು ನೋಡುತ್ತಾನಲ್ಲ, ಆ ನೋಟ.

"ಭಾನುವಾರ ಇಬ್ಬರೂ ಊಟಕ್ಕೆ ಬರ್ತಾರಂತೆ" ಎಂದಳು, ಫೋನು ಇಟ್ಟು.

"ಬರಲಿ" ಎಂದು ನಾನು ಸೋಫಾದಿಂದ ಎದ್ದೇ ಬಿಟ್ಟೆ. "ಬಂದವರು ನಮ್ಮ ಅಡುಗೆಮನೆ ಡ್ರಾಯರ್ ಎಳೆದು ನೋಡಿ ಮೂಗಿನ ಮೇಲೆ ಬೆರಳಿಡಬೇಕು. ಹಾಗೆ ಮಾಡ್ತೀನಿ."

"ಡ್ರಾಯರಲ್ಲಿ ಏನಿದೆ ರೀ? ನನ್ನ ಬಿಸ್ಕತ್ತಿನ ಡಬ್ಬಿ ಇದೆ."

"ಅದೇ ನಾಚಿಕೆಗೇಡು. ಇನ್ಮೇಲೆ ಅಲ್ಲಿ ಮರದ ಪೆಟ್ಟಿಗೆ ಇರುತ್ತೆ. ಅದರಲ್ಲಿ ಖಾನೆಗಳು. ಜೀರಿಗೆಗೊಂದು ಖಾನೆ, ಮೆಣಸಿಗೊಂದು ಖಾನೆ, ಲವಂಗಕ್ಕೊಂದು ಖಾನೆ."

"ಮಾಡೋರು ಯಾರು?"

ಉತ್ತರವಾಗಿ ನಾನು ಎದೆ ಮುಟ್ಟಿಕೊಂಡೆ. ಅವಳು ಗಾಬರಿಯಾಗಿ "ಯಾಕ್ರೀ, ನೋವಾ?" ಎಂದಳು.

ಆ ಬಿಸ್ಕತ್ತಿನ ಡಬ್ಬಿಯ ಬಗ್ಗೆ ಒಂದು ಮಾತು. ಅದರ ಮುಚ್ಚಳ ನೆಗ್ಗಿದೆ, ಬಣ್ಣ ಹೋಗಿದೆ, ಒಳಗಿರುವುದೆಲ್ಲ ಕಾಗದದ ಪೊಟ್ಟಣ. ಆದರೆ ಅವಳು ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಪೊಟ್ಟಣವೇ ಕೈಗೆ ಬರುತ್ತದೆ. ನಾನು ಕಣ್ಣು ಬಿಟ್ಟುಕೊಂಡು ಹುಡುಕಿದರೂ ಇಂದಿನವರೆಗೆ ಜೀರಿಗೆ ಸಿಕ್ಕಿಲ್ಲ. ಇಂಥ ಡಬ್ಬಿಯನ್ನು ಸೇವೆಯಿಂದ ನಿವೃತ್ತಿಗೊಳಿಸುವುದು ನನ್ನ ಗುರಿ.

ಶನಿವಾರ ಅಂಗಡಿಗೆ ಹೋಗಿ ಹಲಗೆ, ಗರಗಸ, ಸುತ್ತಿಗೆ, ಅಂಟು, ಮೊಳೆ, ಉಜ್ಜಲು ಉಪ್ಪುಕಾಗದ ಎಲ್ಲ ತಂದೆ. ಉಪ್ಪುಕಾಗದ ಎಂಬ ಹೆಸರು ಕೇಳಿಯೇ ಇದು ಅಡುಗೆಮನೆಯ ಕೆಲಸಕ್ಕೆ ಶುಭಸೂಚನೆ ಅನಿಸಿತ್ತು. ಏಪ್ರನ್ ಕಟ್ಟಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿ, ಬಾಲ್ಕನಿಯಲ್ಲಿ ಹಲಗೆಯ ಮುಂದೆ ಕೂತೆ. ಆಗ ಗೊತ್ತಾಯಿತು, ಅಳೆಯುವ ಟೇಪ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಂದಿದ್ದೇನೆ ಎಂದು.

ಆದರೆ ಕಲಾವಿದ ಸಲಕರಣೆ ಇಲ್ಲವೆಂದು ಅಂಜುವುದುಂಟೇ? ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದೆ.

"ಡ್ರಾಯರ್ ಒಳಗೆ ಎಷ್ಟು ಅಗಲ ಇದೆ, ನೋಡ್ತೀಯಾ?"

"ಹೆಂಗೆ ನೋಡಲಿ?"

"ಕೈಯಲ್ಲಿ ಅಳೆ!"

ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು. ಆಮೇಲೆ ಉತ್ತರ ಬಂತು. "ಅಗಲ ಎರಡು ಗೇಣು. ಉದ್ದ ಎರಡು ಗೇಣು ಮೂರು ಬೆರಳು."

"ಎತ್ತರ?"

"ಆರು ಬೆರಳು."

"ಖಂಡಿತ ತಾನೇ?"

"ನನ್ನ ಕೈ ರೀ. ಅದು ಯಾಕೆ ಸುಳ್ಳು ಹೇಳುತ್ತೆ?"

ನಾನು ಹಲಗೆಯ ಮೇಲೆ ಕೈ ಚಾಚಿದೆ. ಒಂದು ಗೇಣು, ಎರಡು ಗೇಣು, ಗುರುತು. ಕೊಯ್ದೆ. ಉಜ್ಜಿದೆ. ಮೊಳೆ ಬಡಿದೆ. ಹೊಡೆದ ಮೊಳೆಗಳಲ್ಲಿ ಬಹುತೇಕ ಸೊಟ್ಟಗಾಗಿ ಮಲಗಿದವು, ಮಿಕ್ಕವು ಮತ್ತೆ ಈಚೆಗೆ ತಲೆ ಹಾಕಿದವು. ಸಂಜೆಯ ಹೊತ್ತಿಗೆ ಒಂಬತ್ತು ಖಾನೆಗಳ ಪೆಟ್ಟಿಗೆ ಎದ್ದು ನಿಂತಿತು. ಹೆತ್ತವಳಿಗೂ ಅಷ್ಟು ಹೆಮ್ಮೆ ಇರಲಾರದು. ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಮೆರವಣಿಗೆಯಲ್ಲಿ ಬಂದೆ.

ಪೆಟ್ಟಿಗೆ ಅಡುಗೆಮನೆಯ ಬಾಗಿಲು ದಾಟಿತು. ಡ್ರಾಯರಿನ ಬಾಯಿ ಮಾತ್ರ ದಾಟಲಿಲ್ಲ.

"ನೀನು ತಪ್ಪು ಅಳೆದಿದೀಯ" ಎಂದೆ.

ಅವಳು ಡ್ರಾಯರಿನಲ್ಲಿ ಕೈಯಿಟ್ಟು ತೋರಿಸಿದಳು. ಒಂದು ಗೇಣು, ಎರಡು ಗೇಣು. ಸರಿಯಾಗಿಯೇ ಇತ್ತು. ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು ತೋರಿಸಿದೆ. ಒಂದು ಗೇಣು, ಎರಡು ಗೇಣು. ಅದೂ ಸರಿಯಾಗಿಯೇ ಇತ್ತು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡಿಕೊಂಡೆವು. ಅವಳ ಅಂಗೈ ವೀಳ್ಯದೆಲೆಯಷ್ಟು, ನನ್ನದು ಮೊರದಷ್ಟು!

"ಅಳೆದದ್ದು ನನ್ನ ಗೇಣಲ್ಲಿ. ನೀವು ಯಾರ ಗೇಣಲ್ಲಿ ಕೊಯ್ದ್ರಿ?"

"ಗೇಣು ಅಂದ್ಮೇಲೆ ಗೇಣು. ಅದರಲ್ಲಿ ನಿಂದು ನಂದು ಅಂತ ಇದೆಯಾ? ನಮ್ಮದು ಅನ್ಯೋನ್ಯ ಸಂಸಾರ."

"ಮೊಳ ಗೊತ್ತಿಲ್ಲದೋರ ಕೈಗೆ ಮೊಳೆ ಯಾರು ಕೊಟ್ರೋ" ಎಂದು ಅವಳು ಒಲೆಯ ಕಡೆ ತಿರುಗಿಕೊಂಡಳು. "ನಾಳೆ ಅವರು ಬರೋದ್ರೊಳಗೆ ಈ ರಂಪ ಎಲ್ಲ ತೆಗೆದಿಡಿ. ನನ್ನ ಡಬ್ಬಿ ನನಗೆ ಸಾಕು."

ತೆಗೆದಿಡುವುದೇ? ಷಡ್ಡಕ ಬರುವ ದಿನ?

ಭಾನುವಾರ ಬೆಳಿಗ್ಗೆ ಅವಳು ತರಕಾರಿ ತರಲು ಹೋದದ್ದೇ ತಡ, ಪೆಟ್ಟಿಗೆಯನ್ನು ಬಿಚ್ಚಿದೆ, ಅಗಲ ಉದ್ದ ಎರಡನ್ನೂ ಕೊಯ್ದು ಮತ್ತೆ ಬಡಿದೆ. ಎತ್ತರವೂ ನನ್ನ ಬೆರಳಿನದೇ ಎಂಬುದು ಹೊಳೆಯಲಿಲ್ಲ. ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟಾಗ ಪೆಟ್ಟಿಗೆ ಡ್ರಾಯರಿನೊಳಗೆ ಕೂತಿತು. ಹೇಗೆ ಕೂತಿತೆಂದರೆ, ಇನ್ನು ಏಳುವ ಮಾತೇ ಇಲ್ಲ. ಡಬ್ಬಿಯ ಪೊಟ್ಟಣಗಳನ್ನೆಲ್ಲ ಬಿಚ್ಚಿ ಒಂದೊಂದು ಖಾನೆಗೆ ಒಂದೊಂದು ಮಸಾಲೆ ಸುರಿದೆ. ಪೊಟ್ಟಣ ಯಾಕೆ, ಬಾಟಲಿ ಯಾಕೆ, ಖಾನೆ ಇರುವಾಗ? ಖಾಲಿಯಾದ ಡಬ್ಬಿಗೆ ಉಳಿದ ಮೊಳೆಗಳನ್ನು ತುಂಬಿ ಮೂಲೆಗೆ ತಳ್ಳಿದೆ. ಡ್ರಾಯರ್ ಮುಚ್ಚುವಾಗ ಪೆಟ್ಟಿಗೆಯ ಅಂಚು ಮೇಲಿನ ಕಟ್ಟೆಗೆ ತಾಗಿತು. ಸೊಂಟ ಕೊಟ್ಟು ಒತ್ತಿದೆ. ಟಕ್ ಎಂದು ಒಳಗೆ ಹೋಯಿತು.

ಹೊರಗೆ ಬರಲಿಲ್ಲ.

ತರಕಾರಿ ಚೀಲದೊಂದಿಗೆ ಬಂದವಳು ಒಗ್ಗರಣೆಗೆ ಎಣ್ಣೆ ಇಟ್ಟು, ಮೂಲೆಯಲ್ಲಿದ್ದ ಡಬ್ಬಿ ತೆಗೆದಳು. ಮುಚ್ಚಳ ತೆರೆದು, ಒಳಗಿದ್ದ ಮೊಳೆಗಳನ್ನು ನೋಡಿ, ನನ್ನನ್ನು ನೋಡಿದಳು.

"ಜೀರಿಗೆ ಎಲ್ಲಿ?"

"ಡ್ರಾಯರಲ್ಲಿದೆ. ಅದರ ಖಾನೆಯಲ್ಲಿ ಸುರಕ್ಷಿತವಾಗಿದೆ."

"ತೆಗೀರಿ ಮತ್ತೆ."

"ಅದು... ಮುಚ್ಚಿದೆ."

"ಮುಚ್ಚಿದ್ದನ್ನೇ ಅಲ್ವಾ ತೆಗೆಯೋದು?" ಎಂದು ತಾನೇ ಎಳೆದಳು. ಹಿಡಿ ಮಾತ್ರ ಕೈಗೆ ಬಂತು. ಅವಳು ಆ ಹಿಡಿಯನ್ನು ನನ್ನ ಅಂಗೈಯಲ್ಲಿಟ್ಟು ಒಲೆ ಆರಿಸಿದಳು. "ಮನೇಲಿ ಒಂದು ಕಾಳು ಮೆಣಸಿಲ್ಲ, ಒಂದು ಚಿಟಿಕೆ ಅರಿಶಿನ ಇಲ್ಲ. ನನ್ನ ತಂಗಿಗೆ ಏನು ಬಡಿಸಲಿ? ಈ ಮೊಳೆ ಹುರಿದು ಹಾಕಲಾ?"

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ವಿಷಯ ತಿಳಿದ ಷಡ್ಡಕನ ಮುಖದಲ್ಲಿ ಎಂಥ ಕಾಂತಿ! ತೋಳು ಮಡಚುತ್ತಾ ಬಂದ. "ಸರೀರಿ ಅಣ್ಣ, ಇದಕ್ಕೆಲ್ಲ ಒಂದು ಕೈಚಳಕ ಬೇಕು." ಹಿಡಿಯಿದ್ದ ತೂತಿಗೆ ಎರಡು ಬೆರಳು ತೂರಿಸಿ ಎಳೆದ. ಕೈಚಳಕಕ್ಕೆ ಡ್ರಾಯರ್ ಜಗ್ಗಲಿಲ್ಲ. ನಾನು ಅವನ ಸೊಂಟ ಹಿಡಿದು ಎಳೆದೆ. ಮೂರನೆಯ ಎಳೆತಕ್ಕೆ ಡ್ರಾಯರ್ ಇಡಿಯಾಗಿ ಕಿತ್ತು ಬಂತು. ಅವನು ನನ್ನ ಮೇಲೆ ಬಿದ್ದ, ನಾನು ನೆಲದ ಮೇಲೆ ಬಿದ್ದೆ, ಡ್ರಾಯರ್ ನಮ್ಮಿಬ್ಬರ ಮೇಲೆ ಬಿತ್ತು.

ಮೆಣಸಿನ ಪುಡಿ ಮೋಡವಾಗಿ ಮೇಲೆದ್ದಿತು. ಷಡ್ಡಕ ಸೀನಿದ. ನಾನು ಸೀನಿದೆ. ನಾದಿನಿ ಬಾಗಿಲಲ್ಲೇ ನಿಂತು ಸೀನಿದಳು. ಬಂದವರು ಮೂಗಿನ ಮೇಲೆ ಬೆರಳಿಡಬೇಕು ಎಂದಿದ್ದೆನಲ್ಲ. ಎಲ್ಲರೂ ಮೂಗನ್ನು ಐದೂ ಬೆರಳಿನಲ್ಲಿ ಹಿಡಿದುಕೊಂಡಿದ್ದರು. ಅಳೆದೂ ಸುರಿದೂ ಎನ್ನುವ ಮಾತಿದೆ. ಅಳೆಯುವುದು ನನಗೆ ಸರಿಹೋಗಿರಲಿಲ್ಲ. ಸುರಿಯುವುದರಲ್ಲಿ ಕೊರತೆ ಆಗಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಅಷ್ಟಿಷ್ಟು ಉಳಿದಿತ್ತು, ಒಂಬತ್ತು ಮಸಾಲೆಗಳೂ ಜಾತಿಭೇದ ಮರೆತು ಒಂದಾಗಿ. ನನ್ನವಳು ಅದನ್ನೇ ಬಾಚಿಕೊಂಡು ಅಡುಗೆ ಮುಗಿಸಿದಳು. ಎಲ್ಲರೂ ಕೆಂಪು ಕಣ್ಣಿನಲ್ಲಿ ಊಟಕ್ಕೆ ಕೂತೆವು. ಹೊರಗಿನವರು ನೋಡಿದ್ದರೆ ಸಾವಿನ ಮನೆ ಎಂದುಕೊಳ್ಳುತ್ತಿದ್ದರು. ರುಚಿ ಮಾತ್ರ, ನಿಜ ಹೇಳುತ್ತೇನೆ, ಕೆಟ್ಟಿರಲಿಲ್ಲ. ನನಗೆ ನಿಧಾನವಾಗಿ ಧೈರ್ಯ ಬರತೊಡಗಿತು.

"ಅಕ್ಕಾ" ಎಂದ ಷಡ್ಡಕ, ಅಗಿಯುವುದನ್ನು ನಿಲ್ಲಿಸಿ. "ಈ ಲವಂಗ ಯಾಕೋ ಬೆಂದಿಲ್ಲ."

ಬಾಯಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟ. ಟಿಣ್ ಎಂದಿತು. ನಾನು ಬಗ್ಗಿ ನೋಡಿದೆ. ಪುಟ್ಟ ಮೊಳೆ, ಒಂದಿಷ್ಟೂ ಸೊಟ್ಟಗಾಗಿರಲಿಲ್ಲ. ಇಡೀ ಪೆಟ್ಟಿಗೆಯಲ್ಲಿ ನಾನು ನೆಟ್ಟಗೆ ಹೊಡೆದಿದ್ದ ಒಂದೇ ಒಂದು ಮೊಳೆ ಅದು.

ಷಡ್ಡಕ ನೀರು ಕುಡಿದು ಸುಧಾರಿಸಿಕೊಂಡು, ಗೆದ್ದವರ ಔದಾರ್ಯದಿಂದ ಹೇಳಿದ. "ಹೋಗಲಿ ಬಿಡಿ ಅಕ್ಕ. ಹೊಸದೊಂದು ನಾನೇ ಮಾಡಿಕೊಡ್ತೀನಿ. ಎಷ್ಟಿರಬೇಕು, ಎರಡು ಗೇಣಾ?" ಎಂದವನೇ ಎದ್ದು ಹೋಗಿ ಡ್ರಾಯರಿನ ಮೇಲೆ ಕೈ ಚಾಚಿದ. ಅವನ ಅಂಗೈ ನನ್ನದಕ್ಕಿಂತ ದೊಡ್ಡ ಮೊರ.

"ಬೇಡವೇ ಬೇಡ" ಎಂದು ನಾದಿನಿ ತಡೆದಳು. "ಅಕ್ಕಾ, ನಮ್ಮನೆ ಸ್ಟ್ಯಾಂಡೂ ಇವರು ಹೀಗೇ ಅಳೆದು ಮಾಡಿದ್ದು. ಜೋಡಿಯಲ್ಲಿ ಒಂದೊಂದೇ ಚಪ್ಪಲಿ ಹಿಡಿಸುತ್ತೆ. ಎಡಗಾಲಿಂದು ಸ್ಟ್ಯಾಂಡಲ್ಲಿ, ಬಲಗಾಲಿಂದು ಬಾಗಿಲಾಚೆ."

"ಮತ್ತೆ ಫೋನಲ್ಲಿ ಅಷ್ಟು ಹೊಗಳಿದ್ಯಲ್ಲೇ?"

"ಇವರು ಪಕ್ಕದಲ್ಲೇ ಕೂತಿರ್ತಾರಲ್ಲ ಅಕ್ಕ, ಏನು ಮಾಡಲಿ?"

ಷಡ್ಡಕ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಆ ಕ್ಷಣ ಅವನ ಮೇಲೆ ನನಗೆ ಹುಟ್ಟಿದ ಪ್ರೀತಿ ಒಡಹುಟ್ಟಿದವನ ಮೇಲೂ ಹುಟ್ಟಿರಲಿಲ್ಲ.

ನನ್ನವಳು ಬಿಸ್ಕತ್ತಿನ ಡಬ್ಬಿಯನ್ನು ಎತ್ತಿಕೊಂಡು ಬಂದಳು. ಅದರಲ್ಲಿದ್ದ ಮೊಳೆಗಳನ್ನು ನನ್ನ ಪೆಟ್ಟಿಗೆಯ ಖಾನೆಗಳಿಗೆ ಝಣಝಣ ಸುರಿದಳು. ಲವಂಗದ ಖಾನೆಯೂ ತುಂಬಿತು. ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಡ್ರಾಯರ್ ಇದ್ದ ಜಾಗದಲ್ಲಿ ಕೂರಿಸಿದಳು. ಆಮೇಲೆ ತನ್ನ ಎಲೆಯಷ್ಟು ಅಂಗೈಯನ್ನು ತಂಗಿಯ ಮುಂದೆ ಬಿಡಿಸಿ ಹಿಡಿದಳು.

"ಇನ್ಮೇಲೆ ಮನೇಲಿ ಏನೇ ಅಳೆಯೋದಿದ್ರೂ ಈ ಕೈಯೇ ಕಣೇ. ಇವರಿಬ್ಬರ ಗೇಣು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಸೀನು ಬಂತು.